ಮದ್ದೂರಿನ ಮೇಲೆ ಕವಿದಿದ್ದ ಮಂಜಿನ ವಿಷಯವಾಗಿ

ಮಾನ್ಯ ನಕ್ಷೆ ತಂತ್ರಾಂಶ ಮಹಾಶಯರೇ,

ಮದ್ದೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಿಂದ ಶಿವರಾಮು ಎಂಬ ತಮ್ಮ ಹಳೆಯ ಬಳಕೆದಾರ ಮಾಡುವ ಅನಂತ ನಮಸ್ಕಾರಗಳು. ತಾವು ನನ್ನ ಲ್ಯಾಪ್‌ಟಾಪಿನಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಈ ಮನೆಯಲ್ಲಿ ಸದ್ಯಕ್ಕೆ ಕ್ಷೇಮವಾಗಿರುವವರು ತಾವು ಮತ್ತು ನನ್ನ ಹೆಂಡತಿ ಇಬ್ಬರೇ.

ವಾರವೆಲ್ಲ ಮಂಡ್ಯದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಭಾನುವಾರ ಮಧ್ಯಾಹ್ನ ಮಾತ್ರ ಒಂದು ರಾಜ್ಯವನ್ನು ಆಳುತ್ತೇನೆಂಬುದು ತಮಗೆ ಗೊತ್ತೇ ಇದೆ. ಗೆಳೆಯರು ನಮ್ಮ ಹಜಾರದ ಮೇಜಿನ ಸುತ್ತ ಕೂತು, ಒಬ್ಬ ಮಂತ್ರವಾದಿ, ಒಬ್ಬ ಬಿಲ್ಲುಗಾರ ಎಂದು ಪಾತ್ರ ಹಂಚಿಕೊಂಡು ದಾಳ ಉರುಳಿಸುತ್ತಾರೆ. ಅವರು ಎಲ್ಲಿಗೆ ಹೋದರು, ಅಲ್ಲಿ ಯಾವ ರಾಕ್ಷಸ ಎದುರಾದ ಎಂದು ಹೇಳುವ ಆಟದ ಯಜಮಾನ ನಾನು. ಅವರು ಓಡಾಡುವ ನಾಡಿನ ನಕ್ಷೆ ಬರೆದುಕೊಡುವ ಪುಣ್ಯಾತ್ಮರು ತಾವು.

ಸಣ್ಣಪುಟ್ಟ ಕುಂದುಗಳನ್ನು ಮೊದಲೇ ಹೇಳಿ ಮುಗಿಸುತ್ತೇನೆ. ಆಟಗಾರರು ದಾರಿ ತಪ್ಪದಿರಲೆಂದು ನಾನು ನಮ್ಮ ಸೀಮೆಯನ್ನೇ ನಕ್ಷೆಯಾಗಿ ಬರೆದೆ. ನಡುವೆ ಮದ್ದೂರು, ಎಡಕ್ಕೆ ಮಂಡ್ಯ, ಕೆಳಗೆ ಮಳವಳ್ಳಿ. ತಮ್ಮ ಭಂಡಾರದಲ್ಲಿ ತೆಂಗಿನ ಮರವಿಲ್ಲವಾದ್ದರಿಂದ ನಾಲೆಯ ಏರಿಯುದ್ದಕ್ಕೂ ಹಿಮ ಬೀಳುವ ದೇಶದ ಮರಗಳನ್ನು ನೆಟ್ಟೆ. ಹೋಟೆಲಿನ ಗುರುತಿಲ್ಲವಾದ್ದರಿಂದ ಹಣೆಗೆ ವಿಭೂತಿ ಬಳಿದುಕೊಂಡು ವಡೆ ಮಾರುವ ಸಂಭಾವಿತರ ಅಂಗಡಿಯ ಮೇಲೆ ಹೆಂಡದ ಪೀಪಾಯಿ ಇಟ್ಟೆ. ರೈಲ್ವೆ ಸ್ಟೇಷನ್ನಿಗೆ ಕೋಟೆ ಕಟ್ಟಿಸಿದೆ. ಇವನ್ನೆಲ್ಲ ಒಬ್ಬ ಕಲಾವಿದನ ತಾಳ್ಮೆಯಿಂದ ಸಹಿಸಿದ್ದೇನೆ.

ಸಹಿಸಲಾಗದ್ದು ತಮ್ಮ ಮಂಜು. ಒಂದು ಗುಂಡಿ ಒತ್ತಿದರೆ ಇಡೀ ನಕ್ಷೆಯನ್ನು ಬೂದುಬಣ್ಣದ ಮಂಜಿನಿಂದ ಮುಚ್ಚಿ, ಆಟಗಾರನ ಗುರುತಿನ ಬಿಲ್ಲೆ ಎಲ್ಲೆಲ್ಲಿಗೆ ಹೋಯಿತೋ ಅಷ್ಟನ್ನು ಮಾತ್ರ ತೆರೆದು ತೋರಿಸುವ ತಮ್ಮ ಆ ಸೌಲಭ್ಯಕ್ಕೆ ನಾನು ಮೊದಮೊದಲು ಮರುಳಾಗಿದ್ದೆ. ನಮ್ಮ ಬಿಲ್ಲುಗಾರ, ಅಂದರೆ ಸ್ಕೂಟರ್ ಗ್ಯಾರೇಜಿನ ಜುನೈದ್, ‘ಗಾಡೀಲಿ ಓಗ್ತಾ ಆ ಕೋಟೆ ನೋಡಿವ್ನಿ ಕಣ್ಲಾ, ಮಂಜು ತಗಿ’ ಎಂದು ಎಷ್ಟು ಗೋಗರೆದರೂ ನಾನು ಜಗ್ಗಲಿಲ್ಲ. ಕಾಲಿಟ್ಟರೆ ಮಾತ್ರ ಮಂಜು ಕರಗುತ್ತದೆ, ಕಂಡದ್ದು ಕೇಳಿದ್ದು ಲೆಕ್ಕಕ್ಕಿಲ್ಲ ಎಂಬ ಕಾನೂನನ್ನು ಮಾಡಿದವನು ನಾನೇ.

ಹೋದ ಬೇಸಿಗೆಯ ಒಂದು ಭಾನುವಾರ ನನ್ನ ಹೆಂಡತಿ ಶಶಿರೇಖಾ ಟೀ ತಂದಿಟ್ಟವಳು ಒಳಗೆ ಹೋಗದೆ ಅಲ್ಲೇ ನಿಂತು, ‘ಅದೇನ್ರೀ, ಊರ್ ಮೇಲೆಲ್ಲಾ ಬೂದಿ ಬಳ್ದಂಗೈತೆ’ ಎಂದು ಕೇಳಿದಳು. ಬಲ್ಲವರು ಅರಿಯದವರಿಗೆ ಹೇಳುವ ಧಾಟಿಯಲ್ಲಿ ಕಾನೂನನ್ನು ವಿವರಿಸಿದೆ. ‘ನಂಗೂ ಒಂದು ಬಿಲ್ಲೆ ಮಡಗಿ, ನೋಡಾನ’ ಎಂದಳು. ಗೆಳೆಯರೆದುರು ಉದಾರಿಯಾಗಿ ಕಾಣುವ ಆಸೆ ಯಾವ ಗಂಡನಿಗಿಲ್ಲ? ತಮ್ಮ ಸಂಗ್ರಹವನ್ನೆಲ್ಲ ಜಾಲಾಡಿದರೂ ಸೀರೆ ಉಟ್ಟ ಹೆಂಗಸೊಬ್ಬಳು ಸಿಗದೆ, ಕೊಡಲಿ ಹಿಡಿದ ಗಡ್ಡದ ಕುಳ್ಳನನ್ನು ಅವಳ ಹೆಸರಿಗೆ ಹಚ್ಚಿದೆ. ‘ಗಡ್ಡ ಇರ್ಲಿ ಬುಡಿ, ಕೊಡ್ಲಿ ಚೆನ್ನಾಗೈತೆ’ ಎಂದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಅವಳು ಹೇಳುತ್ತ ಹೋದಳು, ನಾನು ಕುಳ್ಳನನ್ನು ಸರಿಸುತ್ತ ಹೋದೆ: ಮನೆ, ರೇಷನ್ ಅಂಗಡಿ, ತರಕಾರಿ ಮಾರ್ಕೆಟ್ಟು, ಮಾರಮ್ಮನ ಗುಡಿ, ಮಕ್ಕಳು ಓದಿದ ಶಾಲೆಯ ಗೇಟು, ಬಸ್ ನಿಲ್ದಾಣ. ಅಲ್ಲಿಗೆ ನಿಂತಿತು. ಮಂಜು ಕರಗಿದ್ದ ಜಾಗ ಒಂದು ಸೌಟಿನಷ್ಟಿತ್ತು. ಶಿಂಷಾ ಹೊಳೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ ಎಂದಳು. ಅದು ಲೆಕ್ಕಕ್ಕಿಲ್ಲ ಎಂದು ತೀರ್ಪು ಕೊಟ್ಟೆ. ‘ಮದ್ವೆಯಾಗಿ ಬಂದಾಗ್ನಿಂದ ಇದೇ ಊರಲ್ಲಿವ್ನಿ. ನಾ ನೋಡಿರೋದು ಇಷ್ಟೇಯಾ?’ ಎಂದು ಅವಳು ಕೇಳಿದಾಗ ಜುನೈದ್ ಖಾಲಿಯಾಗಿದ್ದ ಟೀ ಲೋಟವನ್ನು ಮತ್ತೊಮ್ಮೆ ಕುಡಿದ. ತಾವು ಮಂಜನ್ನು ಒಂದಿಷ್ಟೂ ಸರಿಸಲಿಲ್ಲ.

ಮರುದಿನ ಕಚೇರಿಯಿಂದ ಬಂದರೆ ಬಾಗಿಲಿಗೆ ಬೀಗ. ಶಿಂಷೆಯಲ್ಲಿ ಮಂಡಿಯವರೆಗೆ ಇಳಿದು ನಿಂತಿದ್ದಳಂತೆ. ಸೀರೆಯ ಅಂಚು ಹಿಂಡುತ್ತಲೇ ಬಂದವಳು ಮೊದಲು ಲ್ಯಾಪ್‌ಟಾಪು ತೆಗೆದು ಕುಳ್ಳನನ್ನು ಹೊಳೆಗಿಳಿಸಿದಳು. ತಾವು ಕಿಂಚಿತ್ತೂ ನಾಚಿಕೆಯಿಲ್ಲದೆ ಮಂಜು ತೆಗೆದುಕೊಟ್ಟಿರಿ. ಆಮೇಲೆ ಜುನೈದನ ಹೆಂಡತಿ ಮೆಹರುನ್ನೀಸಾ ಜೊತೆಯಾದರು. ರಿಪೇರಿಯಾದ ಸ್ಕೂಟರುಗಳನ್ನು ಓಡಿಸಿ ನೋಡುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದರಿಂದ, ಓಣಿಯ ತುದಿಯವರೆಗೆ ಆಗುತ್ತಿದ್ದ ಟ್ರಯಲ್ಲು ಈಗ ಮಳವಳ್ಳಿಯವರೆಗೆ ಆಗುತ್ತಿದೆ. ‘ಮಳವಳ್ಳಿ ಗಂಟ ಓಗಿ ಬಂದ ಗಾಡಿ ಇನ್ನೇನೂ ಕೆಡಾಕಿಲ್ಲ’ ಎಂದು ಗಿರಾಕಿಗಳಿಗೆ ಆಕೆ ಧೈರ್ಯ ಹೇಳುತ್ತಾರಂತೆ. ಸ್ಕೂಟರಿಲ್ಲದ ದಿನ ಹೆಂಗಸರಿಗೆ ಟಿಕೆಟ್ಟಿಲ್ಲದ ಬಸ್ಸಿದೆ. ಒಮ್ಮೆಯಂತೂ ರೈಲು ಹತ್ತಿ, ನಾನು ದಿನಾ ಇಳಿಯುವ ಮಂಡ್ಯವನ್ನೂ ದಾಟಿ, ನಾನೇ ಇನ್ನೂ ಇಳಿಯದ ಯಲಿಯೂರಿನಲ್ಲಿ ಇಳಿದು ಬಂದರು. ಅಲ್ಲೇನಿತ್ತು ಎಂದು ಕೇಳಿದ್ದಕ್ಕೆ ‘ಏನೂ ಇರ್ನಿಲ್ಲ, ಸುಮ್ನೆ ಕುಂತಿದ್ದೋ, ಕಡ್ಲೇಕಾಯಿ ತಿಂದೋ’ ಎಂಬ ಉತ್ತರ ಬಂತು. ಏನೂ ಇಲ್ಲದ ಕಡೆಗೆ ಹೆಂಡತಿ ಇಷ್ಟು ಸಂತೋಷದಿಂದ ಹೋಗಿಬಂದರೆ ಗಂಡನಾದವನು ಯಾರ ಮೇಲೆ ಸಿಟ್ಟಾಗಬೇಕು? ಹಾಗಾಗಿ ತಮ್ಮ ಮೇಲೆ ಆಗಿದ್ದೇನೆ.

ತಮ್ಮ ಕಾರ್ಯದಕ್ಷತೆಯನ್ನು ಹೊಗಳಲು ನನ್ನ ಬಳಿ ಮಾತಿಲ್ಲ. ರಸ್ತೆ, ರೈಲು, ಉಚಿತ ಬಸ್ಸು ಎಲ್ಲವೂ ಸೇರಿ ಮಾಡಲಾಗದ್ದನ್ನು ತಾವು ಒಂದು ಬೂದುಬಣ್ಣದಿಂದ ಮಾಡಿದ್ದೀರಿ. ಆದರೂ ದಯಮಾಡಿ ಒಮ್ಮೆ ಕರಗಿದ ಮಂಜು ಸಂಜೆ ಟೀ ಹೊತ್ತಿಗೆ ತಾನಾಗಿ ಮತ್ತೆ ಕವಿಯುವಂತೆ ಏರ್ಪಾಟು ಮಾಡಬೇಕು. ಅದಾಗದಿದ್ದರೆ ಮಳವಳ್ಳಿ ರಸ್ತೆಗೆ ಅಡ್ಡಲಾಗಿ ಸಾಧು ಸ್ವಭಾವದ, ಆದರೆ ನೋಡಲು ಭಯಂಕರವಾದ ಒಂದು ಡ್ರ್ಯಾಗನ್ನನ್ನು ಮಲಗಿಸಬೇಕು. ನಿಜವಾದ ರಸ್ತೆಯ ಮೇಲೆ ಎಂಬುದನ್ನು ಒತ್ತಿ ಹೇಳಬೇಕಾಗಿಲ್ಲವಷ್ಟೆ. ಅದೂ ಆಗದಿದ್ದರೆ ಕುಳ್ಳನಿಗೆ ಮಂಡಿನೋವನ್ನಾದರೂ ದಯಪಾಲಿಸಬೇಕು.

ಇಷ್ಟು ಬರೆದು ಮುಗಿಸಬೇಕೆಂದಿದ್ದೆ. ಆದರೆ ಹೋದ ಭಾನುವಾರ ನಡೆದದ್ದನ್ನು ಹೇಳದೆ ನನ್ನ ಹೊಟ್ಟೆಯುರಿ ತಣಿಯುವುದಿಲ್ಲ. ಅಂದು ಶಶಿರೇಖಾ ಮತ್ತು ಮೆಹರುನ್ನೀಸಾ ಪೂರಿಗಾಲಿಗೆ ಹೋಗಿದ್ದರು. ಅದು ನಮ್ಮ ನಕ್ಷೆಯ ಕಟ್ಟಕಡೆಯ ಊರು. ಗೆಳೆಯರು ಟೀ ಇಲ್ಲದೆ ಆಕಳಿಸುತ್ತ ಕೂತಿದ್ದಾಗ ಇಬ್ಬರೂ ಧೂಳು ಹಿಡಿದ ಕಾಲಲ್ಲಿ ಬಂದು, ಕುಳ್ಳನನ್ನು ಪೂರಿಗಾಲಿಯಲ್ಲಿ ನಿಲ್ಲಿಸಿದರು. ಇಡೀ ಸೀಮೆ ಬೆಳಗಿತು. ಇನ್ನಾದರೂ ಮುಗಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವಳು ಇನ್ನೊಂದು ನಕ್ಷೆ ತೆರೆದಳು. ನಮ್ಮ ಮನೆಯದು. ಗೋಡೆ, ಬಾಗಿಲು, ಕೋಣೆ ಎಲ್ಲವನ್ನೂ ಅವಳೇ ಬರೆದಿದ್ದಳು. ಯಾವಾಗ ಕಲಿತಳೋ, ಕಲಿಸಿದ ಗುರುಗಳಾದ ತಮಗೇ ಗೊತ್ತು. ಕಿರೀಟ ತೊಟ್ಟ ರಾಜನ ಬಿಲ್ಲೆಯೊಂದನ್ನು ನನ್ನ ಹೆಸರಿಗೆ ಹಚ್ಚಿ, ಮಂಜಿನ ಗುಂಡಿ ಒತ್ತಿ, ‘ಈಗ ನೀವು ಹೇಳಿ, ನಾ ಸರುಸ್ತೀನಿ’ ಎಂದಳು.

ಹಜಾರ ಬೆಳಗಿತು, ಮಲಗುವ ಕೋಣೆ ಬೆಳಗಿತು, ಬಚ್ಚಲು ಬೆಳಗಿತು. ಅಡುಗೆಮನೆಯ ಹೊಸ್ತಿಲಲ್ಲಿ ರಾಜ ನಿಂತುಬಿಟ್ಟ. ನಾನು ಹೋಗಿದ್ದೇನೆ, ಎಷ್ಟೋ ಸಲ ಹೋಗಿದ್ದೇನೆ ಎಂದೆ. ‘ಬಾಗ್ಲಲ್ಲಿ ನಿಂತು ಟೀ ಆಯ್ತಾ ಅಂತ ಕೇಳಿದ್ದು ಲೆಕ್ಕುಕ್ಕಿಲ್ಲ’ ಎಂದಳು. ಕಾನೂನು ನನ್ನದೇ. ಜುನೈದ್ ಮೇಜು ಕುಟ್ಟಿ ನಕ್ಕ. ಮೆಹರುನ್ನೀಸಾ ‘ಅಕ್ಕಾ, ನಮ್ಮನೇದೂ ಒಂದು ಬರ್ದುಬುಡಿ’ ಎಂದಮೇಲೆ ನಗು ನಿಲ್ಲಿಸಿದ.

ಒಳಗೆ ಹೋದೆ ಸ್ವಾಮಿ, ಬೇರೆ ದಾರಿಯಿರಲಿಲ್ಲ. ಹಾಲು ಕಾಯಲಿಟ್ಟು, ಟೀಪುಡಿ ಹುಡುಕುತ್ತ ಒಲೆಯ ಮುಂದೆ ನಿಂತಾಗ ಎದುರಿಗೆ ಒಂದು ಕಿಟಕಿ ಕಂಡಿತು. ಗಾಳಿಗಾಗಿ ತೆರೆದೆ. ಆಚೆ ಪಕ್ಕದ ಮನೆಯ ಗೋಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಪ್ಲಾಸ್ಟರೂ ಇಲ್ಲದ ಬರಿಯ ಇಟ್ಟಿಗೆ. ಹಾಲು ಉಕ್ಕುವವರೆಗೆ ನಾನು ಆ ಗೋಡೆಯನ್ನೇ ನೋಡುತ್ತ ನಿಂತಿದ್ದೆ. ಅವಳು ಇಷ್ಟು ವರ್ಷ ದಿನಾ ನೋಡಿದ್ದು ಇದನ್ನೇ ಎಂದು ಆಗ ಹೊಳೆಯಿತು. ಆದ್ದರಿಂದ ಡ್ರ್ಯಾಗನ್ ಮತ್ತು ಮಂಡಿನೋವಿನ ಮನವಿಗಳನ್ನು ಈ ಮೂಲಕ ಹಿಂತೆಗೆದುಕೊಂಡು, ಪೂರಿಗಾಲಿಯ ಆಚೆಗೂ ನಕ್ಷೆಯ ಹಾಳೆಯನ್ನು ತಕ್ಷಣ ದೊಡ್ಡದು ಮಾಡಿಕೊಡಬೇಕೆಂದು ಕೋರುತ್ತೇನೆ. ಎಷ್ಟು ದೊಡ್ಡದು ಎಂದು ಅವಳನ್ನೇ ಕೇಳಿ.

ಅಡುಗೆಮನೆಯವರೆಗೆ ಮಂಜು ಕರಗಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಶಿವರಾಮು, ಮದ್ದೂರು

ತಾ.ಕ.: ಹಾಳೆಯನ್ನು ನಾನೇ ದೊಡ್ಡದು ಮಾಡಿ ಅವಳನ್ನು ಬೆರಗುಗೊಳಿಸೋಣವೆಂದು ಈಗಷ್ಟೇ ಪ್ರಯತ್ನಿಸಿದೆ. ‘ಈ ನಕ್ಷೆಯನ್ನು ತಾವು ನೋಡಬಹುದು, ತಿದ್ದುವಂತಿಲ್ಲ, ಅನುಮತಿಗಾಗಿ ಮಾಲೀಕರನ್ನು ಸಂಪರ್ಕಿಸಿ’ ಎಂದು ತಾವು ತುಂಬಾ ವಿನಯದಿಂದ ತಿಳಿಸಿದ್ದೀರಿ. ನಾನೇ ಬರೆದ ನಕ್ಷೆಯ ಮಾಲೀಕತ್ವ ಯಾವಾಗ ಅವಳ ಕೈಗೆ ಹೋಯಿತೋ ಕಾಣೆ, ಸಂಪರ್ಕಿಸಿದೆ. ಮಾಲೀಕರು ಬಸ್ಸಿನಲ್ಲಿದ್ದಾರೆ, ಕಿಟಕಿ ಪಕ್ಕದ ಸೀಟು ಸಿಕ್ಕಿದೆ, ಆಮೇಲೆ ಮಾತಾಡುತ್ತಾರಂತೆ.