ಒಲೆಯ ಅತ್ಯುತ್ತಮ ಚಿತ್ರ

"ಈ ಭಾನುವಾರ ಕತ್ತಲಾಗೋದ್ರೊಳಗೆ ನಮ್ಮನೆ ಫೋಟೋ ರಾಶಿನೆಲ್ಲ ತಿಳಿನೀರಿನ ಹಾಗೆ ಮಾಡಿಬಿಡ್ತೀನಿ, ನೋಡ್ತಾ ಇರು" ಎಂದು ಲೇಬಲ್ ಸಾಹೇಬರು ಪ್ರತಿಜ್ಞೆ ಮಾಡಿದಾಗ ಅವರ ಹೆಂಡತಿ ಮರುದಿನದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದರು.

"ತಿಳಿ ಮಾಡೋದೇನೂ ಬೇಡ, ಕಲಕದೆ ಇದ್ರೆ ಸಾಕು" ಎಂದರು, ತಲೆಯೆತ್ತದೆ.

ಲೇಬಲ್ ಸಾಹೇಬರು ಎನ್ನುವುದು ಪ್ರಯೋಗಾಲಯದವರು ಕೊಟ್ಟ ಬಿರುದು. ಊರಿನ ಕೊಳಾಯಿಗಳಿಂದ ಬಾಟಲಿಯಲ್ಲಿ ಬರುವ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ತೀರ್ಪು ಕೊಡುವುದು ಅವರ ಉದ್ಯೋಗ. ಅಲ್ಲಿ ಲೇಬಲ್ ಇಲ್ಲದ ಬಾಟಲಿ ಎಂದರೆ ಹೆಸರಿಲ್ಲದ ಅಪರಾಧಿ. ಆ ಕಾನೂನು ಅವರ ಬೆನ್ನು ಹತ್ತಿ ಮನೆಗೂ ಬಂದಿತ್ತು. ಸಕ್ಕರೆ ಡಬ್ಬಿಗೆ 'ಸಕ್ಕರೆ', ಉಪ್ಪಿನ ಡಬ್ಬಿಗೆ 'ಉಪ್ಪು' ಎಂದು ಅಂಟಿಸಿದ್ದು ಸರಿ. ಖಾಲಿ ಡಬ್ಬಿಗೂ 'ಖಾಲಿ' ಎಂದು ಅಂಟಿಸಿದ್ದರು. ಹೆಂಡತಿ ಅದರಲ್ಲೇ ಬಿಸ್ಕತ್ತು ತುಂಬಿಡುತ್ತಿದ್ದರು. ಅದೇ ಮನೆಯ ಅತ್ಯಂತ ಸುರಕ್ಷಿತ ಜಾಗ. ಸಾಹೇಬರು ಲೇಬಲ್ ಓದಿ ಮುಂದೆ ಹೋಗುತ್ತಿದ್ದರೇ ಹೊರತು ಮುಚ್ಚಳ ತೆಗೆದು ನೋಡಿದವರಲ್ಲ.

ಆದರೆ ಒಂದು ಸಾಮ್ರಾಜ್ಯ ಮಾತ್ರ ಅವರ ಕೈಗೆ ಸಿಗದೆ ಉಳಿದಿತ್ತು. ಗಂಡ, ಹೆಂಡತಿ, ಮಗಳು, ಮೂವರ ಫೋನಿನ ಫೋಟೋಗಳೂ ಒಂದೇ ಖಾತೆಯಲ್ಲಿ ಬಂದು ಬೀಳುತ್ತಿದ್ದವು, ಮೂರು ಮನೆಯ ಚರಂಡಿ ಒಂದೇ ಮೋರಿಗೆ ಸೇರುವ ಹಾಗೆ. ಈಗ ಮೋರಿ ಕಟ್ಟಿಕೊಂಡಿತ್ತು. ಯಾರು ಫೋನ್ ತೆಗೆದರೂ 'ಜಾಗ ತುಂಬಿದೆ' ಎಂಬ ಗೋಳು. ಅದೂ ಎಂಥ ಹೊತ್ತಿನಲ್ಲಿ! ಸೋಮವಾರ ಹೆಂಡತಿಗೆ ಸಂದರ್ಶನ. ಮಕ್ಕಳ ವಾರ್ಡಿನಲ್ಲಿ ಹಗಲು ರಾತ್ರಿ ದುಡಿದ ನರ್ಸ್ ಅವರು. ವಾರ್ಡಿನ ಮುಖ್ಯಸ್ಥೆಯ ಕುರ್ಚಿ ಖಾಲಿಯಾಗಿ, ಮೊದಲ ಸಲ ಅವರ ಹೆಸರು ಕೇಳಿಬಂದಿತ್ತು. ಹಿಂದೆ ಎರಡು ಸಲ ಅದೇ ಕುರ್ಚಿ ಕಣ್ಣೆದುರೇ ಬೇರೆಯವರ ಪಾಲಾಗಿತ್ತು. ಅಂಥ ದಿನ ಅವರ ಫೋನು ಹಗುರವಾಗಿ, ಹೊಸದಾಗಿ, ಹೂವಿನಂತಿರಬೇಕು. ಕೇಳದೆ ಕೊಡುವ ಉಡುಗೊರೆ. ಸಾಹೇಬರ ಉದ್ದೇಶ ಚಿನ್ನದಂಥದ್ದು. ಎಡವಟ್ಟಾದದ್ದು ವಿಧಾನದಲ್ಲಿ.

ಭಾನುವಾರ ಬೆಳಗ್ಗೆ ಅವರು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಅಂಗಿಯ ತೋಳು ಮಡಚಿ, ಹೊಸ ತಂತ್ರಾಂಶವೊಂದನ್ನು ಹಾಕಿಕೊಂಡರು. ಒಂದೇ ತರಹದ ಫೋಟೋಗಳನ್ನು ಹುಡುಕಿ, ಗುಂಪು ಮಾಡಿ, ಅವುಗಳಲ್ಲಿ ಅತ್ಯುತ್ತಮವಾದ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸುವುದು ಅದರ ವಿದ್ಯೆ. ಎಷ್ಟು ಹೋಲಿಕೆಯಿದ್ದರೆ 'ಒಂದೇ' ಎನ್ನಬೇಕು ಎಂದು ಅದು ಕೇಳಿತು. ಸಾಹೇಬರು ಗಡ್ಡ ಕೆರೆದು, ಪ್ರಯೋಗಾಲಯದ ಗಾಂಭೀರ್ಯದಿಂದ, ಶೇಕಡಾ ಎಂಬತ್ತು ಎಂದರು.

ತಂತ್ರಾಂಶ ಮೊದಲ ಬೇಟೆಯನ್ನು ತಂದು ಕಾಲ ಬಳಿ ಹಾಕಿತು. ಸಾಹೇಬರ ಪಾಸ್‌ಪೋರ್ಟ್ ಫೋಟೋ, ಅವರ ಅಣ್ಣನ ಪಾಸ್‌ಪೋರ್ಟ್ ಫೋಟೋ. ಎರಡೂ ಒಂದೇ. ಅತ್ಯುತ್ತಮ: ಅಣ್ಣ.

ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಮಗಳು ನಗು ತಡೆಯಲಾರದೆ ನೆಲಕ್ಕೆ ಕೂತಳು. "ಅಪ್ಪಾ, ದೊಡ್ಡಪ್ಪನ್ನ ಇಟ್ಕೊಂಡು ನಿನ್ನ ಡಿಲೀಟ್ ಮಾಡ್ತಂತೆ!"

"ಅದು ಬೆಳಕಿನ ವ್ಯತ್ಯಾಸ" ಎಂದರು ಸಾಹೇಬರು. ತಮ್ಮನ್ನು ತಾವೇ ಕೈಯಿಂದ ಉಳಿಸಿಕೊಂಡರು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಾಮ್ರಾಜ್ಯದ ಮುಕ್ಕಾಲು ಭಾಗ ಗೆದ್ದಾಗಿತ್ತು. ಆಗ ತೆರೆಯ ಮೇಲೆ ಬಂತು ಒಲೆ. ಒಂದಲ್ಲ, ಎರಡಲ್ಲ, ಒಲೆಯ ಹಿಂದೆ ಒಲೆ, ಒಲೆಯ ಕೆಳಗೆ ಒಲೆ. ತಮ್ಮ ಮನೆಯದೇ ಗ್ಯಾಸ್ ಒಲೆ, ಒಂದೇ ಕೋನದಿಂದ, ತಿರುಗಿಸುವ ಗುಬುಟುಗಳೆಲ್ಲ ಮುಚ್ಚಿಕೊಂಡು, ಸತ್ತ ಮೀನಿನ ಹಾಗೆ ಬಾಯಿ ಬಿಗಿದುಕೊಂಡು. ಹೆಚ್ಚುಕಡಿಮೆ ಎಲ್ಲವೂ ಹೆಂಡತಿಯ ಫೋನಿನಿಂದ ಬಂದದ್ದು.

"ಪಾಪ, ಕೈತಪ್ಪಿ ಒತ್ತಿಬಿಡ್ತಾಳೆ ಅನ್ಸುತ್ತೆ" ಎಂದು ಸಾಹೇಬರು ಮರುಗಿದರು.

"ದಿನಾ ಕೈ ತಪ್ಪುತ್ತಾ? ಅಮ್ಮನ್ನ ಒಂದ್ಮಾತು ಕೇಳು ಅಪ್ಪಾ."

"ಉಡುಗೊರೆ ಕೊಡೋರು ಕೇಳಿ ಕೊಡ್ತಾರೇನೇ?"

ತಂತ್ರಾಂಶ ಆ ಒಲೆಗಳ ನಡುವೆ ಒಂದನ್ನು ಆರಿಸಿ ಚಿನ್ನದ ನಕ್ಷತ್ರ ಅಂಟಿಸಿತು. ಸಾಹೇಬರ ಎದೆಯುಬ್ಬಿತು. ಅದು ಅವರೇ ತೆಗೆದದ್ದು! ಹೊಸ ಒಲೆ ಬಂದ ದಿನ, ಅದನ್ನು ಹೊತ್ತಿಸಿ, ಸಂಪೂರ್ಣ ದಹನವೆಂದರೆ ಹೇಗಿರಬೇಕೆಂದು ಮಗಳಿಗೆ ತೋರಿಸಲು ಉಸಿರು ಬಿಗಿಹಿಡಿದು ತೆಗೆದ ಚಿತ್ರ. ನೀಲಿ ಜ್ವಾಲೆ, ಕಮಲದ ದಳಗಳಂತೆ. ಜ್ವಾಲೆಯೊಂದನ್ನು ಬಿಟ್ಟರೆ ಮಿಕ್ಕವಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಶೇಕಡಾ ಎಂಬತ್ತು ಧಾರಾಳವಾಗಿ ದಾಟುತ್ತಿತ್ತು. ಅವರು ಗುಂಡಿ ಒತ್ತಿದರು. ಒಲೆಗಳೆಲ್ಲ ಮಾಯವಾಗಿ ಒಂದೇ ಒಲೆ ಉಳಿಯಿತು. ಅವರು ಅರೆಬರೆ ಕೆಲಸ ಮಾಡುವವರಲ್ಲವಾದ್ದರಿಂದ ಅಳಿಸಿದ್ದು ಬಿದ್ದಿರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಕೊನೆಗೆ 'ಇನ್ನು ಮುಂದೆ ಬರುವುದನ್ನೂ ತಾನಾಗಿ ಶುಚಿಗೊಳಿಸು' ಎಂಬ ಆಜ್ಞೆ ಕೊಟ್ಟು, ಲ್ಯಾಪ್‌ಟಾಪನ್ನು ಆರಿಸದೆ ಅಲ್ಲೇ ಬಿಟ್ಟು, ಗೆದ್ದ ದೊರೆಯಂತೆ ಕಾಫಿ ಕೇಳಿದರು.

ಸೋಮವಾರ ಮಗಳು ಶಾಲೆಗೆ, ಸಾಹೇಬರು ಪ್ರಯೋಗಾಲಯಕ್ಕೆ ಹೋದ ಮೇಲೆ ಕೊನೆಯದಾಗಿ ಹೆಂಡತಿ ಹೊರಟರು. ಬಾಗಿಲು ಹಾಕುವ ಮುನ್ನ, ಎಂದಿನಂತೆ, ಒಲೆಯ ಗುಬುಟುಗಳನ್ನು ಮುಟ್ಟಿ ನೋಡಿ ಒಂದು ಫೋಟೋ ತೆಗೆದುಕೊಂಡರು.

ಆ ಫೋಟೋ ಅವರ ಔಷಧಿ. ಬಸ್ಸು ನಾಲ್ಕು ಸ್ಟಾಪು ದಾಟಿತೆಂದರೆ ಸಾಕು, 'ಒಲೆ ಆರಿಸಿದೆನಾ?' ಎಂಬ ಹುಳು ತಲೆ ಹೊಗುತ್ತಿತ್ತು. ಮೊದಲೆಲ್ಲ ಅರ್ಧ ದಾರಿಯಿಂದ ಇಳಿದು ಓಡಿಬಂದದ್ದೂ ಉಂಟು. ಫೋಟೋ ತೆಗೆಯಲು ಶುರು ಮಾಡಿದಂದಿನಿಂದ ಹುಳು ಎದ್ದಾಗ ಫೋನ್ ತೆಗೆದು ತೋರಿಸಿದರೆ ಅದು ತೆಪ್ಪಗೆ ಮಲಗುತ್ತಿತ್ತು. ಗಂಡನಿಗೆ ಇದನ್ನು ಹೇಳಿರಲಿಲ್ಲ. ಹೇಳಿದರೆ ಗುಬುಟಿಗೂ ಲೇಬಲ್ ಅಂಟಿಸುತ್ತಾರೆಂಬ ಹೆದರಿಕೆ.

ಬಸ್ಸು ನಾಲ್ಕನೇ ಸ್ಟಾಪು ದಾಟಿತು. ಹುಳು ಎದ್ದಿತು. ಅವರು ಫೋನ್ ತೆಗೆದರು. ತಾನಾಗಿ ಶುಚಿಗೊಳಿಸುವ ಮಹಾಶಯ ಅಷ್ಟರಲ್ಲಿ ಅಂದಿನ ಫೋಟೋವನ್ನು ನುಂಗಿ ನೀರು ಕುಡಿದಿದ್ದ. ಇಡೀ ಫೋನಿನಲ್ಲಿದ್ದದ್ದು ಒಂದೇ ಒಲೆ. ಅದು ಧಗಧಗ ಉರಿಯುತ್ತಿತ್ತು!

ಗಾಬರಿಯಲ್ಲಿ ತಾರೀಖು ಯಾರು ನೋಡುತ್ತಾರೆ? ಅವರು ಬಸ್ಸು ನಿಲ್ಲಿಸಿ ಇಳಿದರು. ಗಂಡನಿಗೆ ಫೋನ್ ಮಾಡಿದರು; ಪ್ರಯೋಗಾಲಯದೊಳಗೆ ಫೋನ್ ನಿಷಿದ್ಧ, ಅದು ಬೀರುವಿನೊಳಗೆ ಒಬ್ಬಂಟಿಯಾಗಿ ಹಾಡಿಕೊಂಡು ಸುಮ್ಮನಾಯಿತು. ಆಮೇಲೆ ಪಕ್ಕದ ಮನೆಗೆ ಮಾಡಿದರು.

ಪಕ್ಕದ ಮನೆಯ ಗಾಡಿ ತಾತ ಅಗ್ನಿಶಾಮಕ ದಳದಲ್ಲಿ ಚಾಲಕರಾಗಿ ನಿವೃತ್ತರಾದವರು. ಜೀವಮಾನವೆಲ್ಲ ಗಂಟೆ ಬಾರಿಸುತ್ತ ಕೆಂಪು ಗಾಡಿ ಓಡಿಸಿದರೂ, ಬೆಂಕಿಯ ಬಳಿ ಹೋದಾಗ ಪೈಪು ಹಿಡಿಯುತ್ತಿದ್ದವರು ಬೇರೆಯವರು. ಇವರು ಸ್ಟಿಯರಿಂಗ್ ಹಿಡಿದು ಗಾಜಿನಲ್ಲಿ ನೋಡುತ್ತ ಕೂರಬೇಕಿತ್ತು. ಆ ಕೊರಗು ಅವರ ಹೊಟ್ಟೆಯಲ್ಲಿ ಇನ್ನೂ ಬೂದಿ ಮುಚ್ಚಿದ ಕೆಂಡವಾಗಿತ್ತು.

"ಅಂಕಲ್, ನಮ್ಮನೆ ಒಲೆ ಉರೀತಾ ಇದೆ, ಬೀಗ ಹಾಕಿ ಬಂದ್ಬಿಟ್ಟಿದೀನಿ. ಫೋಟೋ ಕಳಿಸಿದೀನಿ ನೋಡಿ. ಕಿಟಕಿಯಿಂದ ಸ್ವಲ್ಪ..."

"ನೀವೇನೂ ಹೇಳ್ಬೇಡಿ ತಾಯಿ" ಎಂದರು ತಾತ. ಅವರ ಧ್ವನಿ ನಡುಗುತ್ತಿತ್ತು, ಆನಂದದಿಂದ. "ನಾನಿದೀನಿ."

ಮುಂದಿನದನ್ನು ಸಾಹೇಬರು ಕಣ್ಣಾರೆ ಕಂಡರು. ತಾತನ ಹೆಂಡತಿ ಪ್ರಯೋಗಾಲಯದ ಕಚೇರಿಗೆ ಫೋನ್ ಮಾಡಿ, 'ನಿಮ್ಮನೆಗೆ ಬೆಂಕಿ ಬಿದ್ದಿದೆ, ನಮ್ಮೋರು ನೋಡ್ಕೊತಿದಾರೆ, ಬಿಡುವಾದ್ರೆ ಬನ್ನಿ' ಎಂದು ತಿಳಿಸಿದ್ದರು. ಸ್ಕೂಟರ್ ಹಾರಿಸಿಕೊಂಡು ಬಂದ ಸಾಹೇಬರಿಗೆ ಕಂಡದ್ದು, ಅಡುಗೆಮನೆ ಕಿಟಕಿಯ ಹೊರಗೆ ಕುರ್ಚಿ ಹತ್ತಿ ನಿಂತ ತಾತ. ತಲೆಗೆ ಹೆಲ್ಮೆಟ್. ಕೈಯಲ್ಲಿ ಹೂಕುಂಡಗಳಿಗೆ ನೀರು ಬಿಡುವ ಹಸಿರು ಪೈಪು. ಕಿಟಕಿಯ ಸರಳುಗಳ ನಡುವೆ ನೀರು ಭೋರ್ಗರೆದು ಒಳನುಗ್ಗುತ್ತಿತ್ತು.

"ಬೆಂಕಿ ಎಲ್ಲಿದೆ?"

"ಆರಿಸ್ಬಿಟ್ಟೆ!"

"ಅಲ್ಲ ತಾತ, ಒಳಗೆ ಬೆಂಕಿ ಇತ್ತಾ? ನೋಡಿದ್ರಾ? ಗ್ಯಾಸಿನ ಬೆಂಕಿಗೆ ಮೊದಲು ಸಿಲಿಂಡರ್ ಮುಚ್ಚಬೇಕು, ನೀರು..."

"ಮೊದಲು ನೀರು, ಆಮೇಲೆ ವಿಜ್ಞಾನ. ಸರೀರಿ ಪಕ್ಕಕ್ಕೆ."

ಬೀಗ ತೆಗೆದು ಒಳಹೊಕ್ಕರೆ, 'ಖಾಲಿ' ಡಬ್ಬಿ ನೀರಿನ ಮೇಲೆ ದೋಣಿಯಾಗಿ ತೇಲುತ್ತ ಬಂದು ಸಾಹೇಬರ ಕಾಲಿಗೆ ಮುಟ್ಟಿತು. ಮುಚ್ಚಳ ಬಿಚ್ಚಿ ಬಿಸ್ಕತ್ತು ಹೊರಬಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್ ಮಂಗಳಸ್ನಾನ ಮುಗಿಸಿ ತೊಟ್ಟಿಕ್ಕುತ್ತಿತ್ತು. ಒಲೆಯ ಗುಬುಟುಗಳು ಮಾತ್ರ, ನಾಲ್ಕಕ್ಕೆ ನಾಲ್ಕೂ, ಭದ್ರವಾಗಿ ಮುಚ್ಚಿದ್ದವು.

ಅಷ್ಟರಲ್ಲಿ ಬಾಡಿಗೆ ಕಾರಿನಿಂದಿಳಿದು ಹೆಂಡತಿ ಓಡಿಬಂದರು. ಒಲೆ ನೋಡಿದರು. ಫೋನ್ ನೋಡಿದರು. ಮತ್ತೆ ಒಲೆ ನೋಡಿದರು. ಆಮೇಲೆ ಗಂಡನನ್ನು ನೋಡಿದರು.

"ರೀ, ನನ್ನ ಫೋಟೋಗಳೆಲ್ಲ ಎಲ್ಲಿ?"

ಸಾಹೇಬರು ಒದ್ದೆ ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದರು. "ಎಲ್ಲಾ ಒಂದೇ ಥರ ಇತ್ತು. ಚೆನ್ನಾಗಿರೋದನ್ನ ಒಂದು ಇಟ್ಟೆ."

ಹೆಂಡತಿ ಕೂಗಾಡಲಿಲ್ಲ. ಸೀರೆಯ ಅಂಚು ಎತ್ತಿ ಹಿಂಡಿದರು. "ಇನ್ನು ಕಾಲು ಗಂಟೆ ಇದೆ. ಸ್ಕೂಟರ್ ತೆಗೀರಿ" ಎಂದರು, ಅಷ್ಟೆ. ಆ ತಣ್ಣನೆಯ ದನಿಗಿಂತ ನಾಲ್ಕು ಬೈಗುಳವೇ ಮೇಲು ಎಂದು ದಾರಿಯುದ್ದಕ್ಕೂ ಸಾಹೇಬರಿಗೆ ಅನಿಸುತ್ತಿತ್ತು. ಎರಡು ಸಲ ಕೈತಪ್ಪಿದ ಕುರ್ಚಿ ಮೂರನೆಯ ಸಲ ತಮ್ಮ ಶೇಕಡಾ ಎಂಬತ್ತರಿಂದ ಕೈತಪ್ಪಿದರೆ? ಸಿಗ್ನಲ್ಲಿನಲ್ಲಿ ನಿಂತಾಗ "ಕ್ಷಮಿಸಿಬಿಡು ಮಾರಾಯ್ತಿ" ಎಂದರು. ಹಿಂದಿನಿಂದ ಉತ್ತರ ಬಂತು: "ಹಸಿರು ಬಿತ್ತು."

ತಲುಪುವಷ್ಟರಲ್ಲಿ ಅವರ ಸರದಿ ಬಂದು, ಹೆಸರು ಕೂಗಿ, ಮುಂದಿನವರನ್ನು ಕರೆದಾಗಿತ್ತು. ಕೊನೆಯಲ್ಲಿ ನೋಡೋಣ ಎಂದು ಕೂರಿಸಿದರು. ಕೊನೆಗೆ ಹೆಂಡತಿ ಒಳಗೆ ಹೋದರು. ಸಾಹೇಬರು ಹೊರಗಿನ ಬೆಂಚಿನ ಮೇಲೆ ತಮ್ಮ ಒದ್ದೆ ಬೂಟು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಜವಾನ ತಲೆ ಹೊರಹಾಕಿದ.

"ಫೋಟೋ ಅಳಿಸಿದೋರು ಯಾರು? ಒಳಗೆ ಬರಬೇಕಂತೆ."

ಮೇಜಿನ ಆಚೆ ಮೂವರು. ನಡುವೆ ನರೆಗೂದಲಿನ ಮೇಟ್ರನ್, ನರ್ಸುಗಳ ಮೇಲಧಿಕಾರಿ, ಇಡೀ ಆಸ್ಪತ್ರೆಯೇ ಹೆದರುವಂಥವರು. "ನಿಮ್ಮ ಮನೆಯೋರು ತಡ ಯಾಕಾಯ್ತು ಅಂತ ಹೇಳಿದ್ರು. ನಂಬೋಕಾಗ್ಲಿಲ್ಲ. ನೀವು ಹೇಳಿ."

ಸಾಹೇಬರು ಹೇಳಿದರು. ಹೋಲಿಕೆಯ ಪ್ರಮಾಣ, ಆಯ್ಕೆಯ ಮಾನದಂಡ, ನೀಲಿ ಜ್ವಾಲೆ ಎಲ್ಲವನ್ನೂ ಕ್ರಮವಾಗಿ ವಿವರಿಸಿ, "ತರ್ಕದಲ್ಲಿ ತಪ್ಪಿರಲಿಲ್ಲ ಮೇಡಂ" ಎಂದು ಮುಗಿಸಿದರು.

ಆಗ ಹೆಂಡತಿ, ಬೆಳಗ್ಗಿನಿಂದ ಮೊದಲ ಸಲ, ಉದ್ದ ಮಾತಾಡಿದರು.

"ಮೇಡಂ, ಇವರು ದಿನಾ ಅದೇ ಕೊಳಾಯಿ ನೀರನ್ನ ಅದೇ ಥರ ಬಾಟ್ಲಲ್ಲಿ ಹಿಡಿದು ಪರೀಕ್ಷೆ ಮಾಡ್ತಾರೆ. ದಿನಾ ಚೆನ್ನಾಗಿದೆ ಅಂತಾನೇ ಬರುತ್ತೆ. ಎಲ್ಲಾನೂ ಬರೆದಿಡ್ತಾರೆ. ವರ್ಷಕ್ಕೊಂದು ಅತ್ಯುತ್ತಮ ನೀರು ಇಟ್ಕೊಂಡು ಉಳಿದಿದ್ದು ಚೆಲ್ಲಿ ಅಂದ್ರೆ ನನ್ನ ಮೇಲೇ ಕೇಸ್ ಹಾಕ್ತಾರೆ. ನಮ್ಮ ವಾರ್ಡಲ್ಲೂ ಅಷ್ಟೇ, ಮಗುಗೆ ಜ್ವರ ಇಲ್ಲ ಅಂತ ಪ್ರತಿ ಸಲ ಬರೀತೀವಿ. ನಿನ್ನೆ ಚೆನ್ನಾಗಿತ್ತು ಅನ್ನೋದು ಇವತ್ತಿಗೆ ಸಾಕ್ಷಿ ಆಗಲ್ಲ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಆ ಕೊನೆಯ ಮಾತನ್ನು ಅಂಗೈ ಮೇಲೆ ಬರೆದುಕೊಂಡರು.

ಮೇಟ್ರನ್ ಕೈಚೀಲದಿಂದ ತಮ್ಮ ಫೋನ್ ತೆಗೆದು ಮೇಜಿನ ಮೇಲಿಟ್ಟರು. ತೆರೆಯ ತುಂಬ ಇಸ್ತ್ರಿ ಪೆಟ್ಟಿಗೆ. ಪ್ಲಗ್ಗು ಕಿತ್ತ ಇಸ್ತ್ರಿ ಪೆಟ್ಟಿಗೆ, ಸಾಲಿಗೆ ಸಾಲು. ಪಕ್ಕದ ಡಾಕ್ಟರು ಕೆಮ್ಮಿ, "ನಂದು ಕಾರಿನ ಬಾಗಿಲು" ಎಂದರು. ಮೂರನೆಯವರು, ಆಡಳಿತದವರು, ತಮ್ಮ ಫೋನನ್ನು ಮೆಲ್ಲಗೆ ಜೇಬಿನೊಳಕ್ಕೆ ತಳ್ಳಿಕೊಂಡರು.

"ಈ ವಾರ್ಡಿಗೆ ಬೇಕಾದೋರು ಎರಡು ಸಲ ನೋಡೋರೇ" ಎಂದರು ಮೇಟ್ರನ್. "ನೀವು ನಾಳೆಯಿಂದ ಮುಖ್ಯಸ್ಥೆ." ಆಮೇಲೆ ಸಾಹೇಬರ ಕಡೆ ತಿರುಗಿ, "ನೀವು ಮನೆಗೆ ಹೋಗಿ ನೆಲ ಒರೆಸಿ."

ಸಾಹೇಬರು ಸಂತೋಷವಾಗಿ ಒರೆಸಿದರು. ಗಾಡಿ ತಾತ ಬಕೆಟ್ಟು ಹಿಡಿದು ನೆರವಾದರು. ಅಂದಿನಿಂದ ಅವರು ಬೇಲಿಯಾಚೆಯಿಂದ, "ಇವತ್ತೇನಾದ್ರೂ ಹೊತ್ತಿಕೊಂಡಿದ್ಯಾ?" ಎಂದು ಆಸೆಯಿಂದ ವಿಚಾರಿಸುತ್ತಾರೆ.

ಹೊಸ ಮುಖ್ಯಸ್ಥೆ ಈಗ ಎಲ್ಲರಿಗಿಂತ ಮೊದಲು ಮನೆ ಬಿಡಬೇಕು. ಆದ್ದರಿಂದ ಒಲೆಯ ಫೋಟೋ ತೆಗೆದು ಕಳಿಸುವ ಜವಾಬ್ದಾರಿ ಸಾಹೇಬರಿಗೆ ವರ್ಗವಾಯಿತು. ಮರುದಿನ ಅವರು ಗುಬುಟುಗಳನ್ನು ಮುಟ್ಟಿ ನೋಡಿ, ಅವುಗಳ ಮುಂದೆ ತಾರೀಖು ಬರೆದ ಲೇಬಲ್ ಇಟ್ಟು, ಉಸಿರು ಬಿಗಿಹಿಡಿದು ಒಂದು ಚಿತ್ರ ತೆಗೆದು ಕಳಿಸಿದರು. ಬಾಗಿಲಿಗೆ ಬೀಗ ಹಾಕಿ ಸ್ಕೂಟರ್ ಹತ್ತುವಷ್ಟರಲ್ಲಿ ಉತ್ತರ ಬಂತು.

"ಲೇಬಲ್ ಚೆನ್ನಾಗಿ ಬಂದಿದೆ. ಒಲೆ ಕಾಣ್ತಿಲ್ಲ. ಇನ್ನೊಂದು ತೆಗೀರಿ."