ಅಳತೆ ಪುಸ್ತಕ ಇಂಗ್ಲಿಷ್ ಕಲಿತದ್ದು

ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಲಿತೇ ತೀರುತ್ತೇನೆಂದು ಹಟ ತೊಟ್ಟೆ. ಗಂಡ ಹೋದ ಮೇಲೂ ಹೊಲಿಗೆ ಯಂತ್ರ ತುಳಿದು ಸಂಸಾರ ದಡ ಸೇರಿಸಿದವಳಿಗೆ ಇಪ್ಪತ್ತಾರು ಅಕ್ಷರ ಯಾವ ಮಹಾ? ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವಳು ನಾನು, ನಿಜ. ಆದರೆ ಅಂಕಿಯಲ್ಲಿ ಮಾತ್ರ ಕಾಲು ಇಂಚು ಕೂಡ ನನ್ನ ಕಣ್ಣು ತಪ್ಪಿಸಿ ಓಡಿಹೋದದ್ದಿಲ್ಲ.

"ಅತ್ತೆ, ಇಂಗ್ಲಿಷ್ ಕಲಿತು ಯಾರ ಜೊತೆ ಮಾತಾಡ್ತೀರಿ?" ಎಂದಳು ಸೊಸೆ.

"ಮೊದಲು ನಿನ್ನ ಜೊತೆ. ನಿನಗೆ ಅರ್ಥ ಆಗದಿದ್ರೆ ಮನೆ ಶಾಂತವಾಗಿರುತ್ತೆ."

ಎದುರು ಬೀದಿಯ ನಿವೃತ್ತ ಟೀಚರಮ್ಮ ಸಂಜೆ ಐದಕ್ಕೆ ತಮ್ಮ ಊಟದ ಮೇಜಿನ ಸುತ್ತ ಹಿರಿಯ ಹೆಂಗಸರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಬೇಕರಿಯ ಯಜಮಾನಿ, ನರ್ಸಮ್ಮ, ಅಂಚೆಯವನ ಹೆಂಡತಿ, ನಾನು. ಎಲ್ಲರೂ ತೊಡುವುದು ನನ್ನ ಕೈ ಹೊಲಿಗೆಯನ್ನೇ, ಟೀಚರಮ್ಮನೂ ಸೇರಿ.

ಮೂರನೆಯ ವಾರ ಹೋಲಿಕೆಯ ಪಾಠ ಬಂತು. ಟಾಲ್, ಟಾಲರ್, ಟಾಲೆಸ್ಟ್. ಅಂಗಿ ಒಂದೇ, ತುದಿಗೆ ಬೇರೆ ಬೇರೆ ಪಟ್ಟಿ ಹೊಲಿದ ಹಾಗೆ! ಈ ಕಸುಬು ನನಗೆ ಬಹಳ ಹಿಡಿಸಿತು. ಲಾಂಗ್‌ಗೆ ಪಟ್ಟಿ ಹಚ್ಚಿದೆ, ಕೂತಿತು. ಸ್ಮಾಲ್‌ಗೆ ಹಚ್ಚಿದೆ, ಕೂತಿತು. ಗುಡ್‌ಗೆ ಹಚ್ಚಲು ಹೋದರೆ ಟೀಚರಮ್ಮ ಅಡ್ಡ ಬಂದರು.

"ಗುಡ್ಡರ್ ಅಲ್ಲ, ಬೆಟರ್."

"ಹಾಗಾದ್ರೆ ಗುಡ್ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ. ಅದು ಹಾಗೇ."

"ಒಳ್ಳೇದು ಇನ್ನೊಂಚೂರು ಒಳ್ಳೇದಾದ ಕೂಡಲೇ ಹೆಸರೇ ಬದಲಾಯಿಸ್ಕೊಂಡ್ರೆ ಹಳೇ ಪರಿಚಯದವರಿಗೆ ಗುರುತು ಸಿಗೋದು ಹೇಗೆ?"

"ಹೊಲಿಗೆಯಮ್ಮ, ನಾಳೆ ಮೂರು ವಾಕ್ಯ ಬರ್ಕೊಂಡು ಬನ್ನಿ. ನಿಜವಾದ ಜನ, ನಿಜವಾದ ಮಾತು."

ನಿಜ ಎಂದರೆ ನನಗೆ ಅಳೆದದ್ದು. ಮಗನನ್ನು ಗೋಡೆಗೆ ನಿಲ್ಲಿಸಿ ಟೇಪು ಬಿಚ್ಚಿದೆ. ಕೆಲಸಕ್ಕೆ ಹೊತ್ತಾಯಿತೆಂದು ಓಡಿದ. ಸೊಸೆ ಕೈಗೇ ಸಿಗಲಿಲ್ಲ. ಆಮೇಲೆ ಹೊಳೆಯಿತು: ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆಯುತ್ತಿದ್ದೇನಲ್ಲ! ಯಂತ್ರದ ಡ್ರಾಯರಿನಲ್ಲಿ ನನ್ನ ಅಳತೆ ಪುಸ್ತಕವಿದೆ. ಇಡೀ ಬೀದಿಯ ಎದೆ, ಸೊಂಟ, ತೋಳು ತಾರೀಖು ಸಮೇತ ಅದರಲ್ಲಿವೆ.

ನಮ್ಮ ಕಸುಬಿಗೊಂದು ಕಟ್ಟುನಿಟ್ಟು ಉಂಟು. ಒಬ್ಬರ ಅಳತೆಯ ಅಂಕಿಯನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು. ನಲವತ್ತು ವರ್ಷ ನಾನದನ್ನು ಮುರಿದಿಲ್ಲ. ಆದರೆ ಈ ಇಂಗ್ಲಿಷ್ ವಾಕ್ಯಗಳಲ್ಲಿ ಅಂಕಿಯೇ ಇರುವುದಿಲ್ಲವಲ್ಲ. ಹಾಗಾಗಿ ನೇಮಕ್ಕೆ ಭಂಗವಿಲ್ಲ ಎಂದು ತೀರ್ಮಾನಿಸಿ ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಪಾಠದಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ.

"ನರ್ಸಮ್ಮ ಈಸ್ ಫ್ಯಾಟ್. ಬೇಕರಿ ಯಜಮಾನಿ ಈಸ್ ಫ್ಯಾಟರ್ ದ್ಯಾನ್ ನರ್ಸಮ್ಮ. ಟೀಚರಮ್ಮ ಈಸ್ ದ ಫ್ಯಾಟೆಸ್ಟ್."

ಅಂಚೆಯವನ ಹೆಂಡತಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡಳು.

"ಯಾರು ಹೇಳಿದ್ದು?" ಎಂದರು ನರ್ಸಮ್ಮ.

"ಯಾರೂ ಹೇಳಿಲ್ಲ, ಪುಸ್ತಕದಲ್ಲೇ ಇದೆ. ನಿಮಗೂ ಬೇಕರಿಯವರಿಗೂ ವ್ಯತ್ಯಾಸ ಹೆಚ್ಚೇನಿಲ್ಲ, ಒಂದೂಕಾಲು ಇಂಚು..."

ಅಂಕಿ ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು, ಕೆಟ್ಟೆನೆಂದು.

ಮರುದಿನ ಬೆಳಿಗ್ಗೆ ನರ್ಸಮ್ಮ ಬಂದು ಅರ್ಧ ಹೊಲಿದ ಕೋಟನ್ನು ಹಾಗೆಯೇ ಒಯ್ದರು, ಒಂದು ತೋಳಿನ ಸಮೇತ. ಮಧ್ಯಾಹ್ನ ಬೇಕರಿಯವರು ಕತ್ತರಿ ತಾಗದ ಬಟ್ಟೆ ಕೇಳಿ ಪಡೆದರು. "ಅವಳ ಟೇಪಿಗೂ ನಾಲಿಗೆ ಬಂದಿದೆಯಂತೆ" ಎಂಬ ಮಾತು ಬೀದಿಯಲ್ಲಿ ಹಬ್ಬಿತು. ಎಂಟು ದಿನ ನಮ್ಮ ಮೆಟ್ಟಿಲನ್ನು ಗಿರಾಕಿ ಎಂಬ ಪ್ರಾಣಿ ತುಳಿಯಲಿಲ್ಲ. ನಾನು ಯಂತ್ರಕ್ಕೆ ಎಣ್ಣೆ ಬಿಟ್ಟೆ, ಒರೆಸಿದೆ, ಮತ್ತೆ ಬಿಟ್ಟೆ. ನಲವತ್ತು ವರ್ಷ ಇಂಚಿಂಚಾಗಿ ಕೂಡಿಸಿದ ನಂಬಿಕೆ ಮೂರು ವಾಕ್ಯಕ್ಕೆ ಹರಿದುಹೋಗಿತ್ತು.

"ಈಗ ಇಂಗ್ಲಿಷ್ ಮಾತಾಡೋಕೆ ಪುರುಸೊತ್ತು ಸಿಕ್ತಲ್ಲ, ಅತ್ತೆ," ಎಂದಳು ಸೊಸೆ. ನಾನು ಮತ್ತೆ ಎಣ್ಣೆ ಡಬ್ಬಿ ಕೈಗೆತ್ತಿಕೊಂಡೆ.

ಒಂಬತ್ತನೆಯ ಸಂಜೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಟೀಚರಮ್ಮನ ಮನೆಗೆ ಹೋದೆ. ಎಲ್ಲರೂ ಇದ್ದರು.

"ತಪ್ಪಾಯ್ತು ಕಣ್ರಮ್ಮ. ನಿಮ್ಮೆದುರೇ ಇದನ್ನ ಒಲೆಗೆ ಹಾಕ್ತೀನಿ."

"ಬೇಡ," ಎಂದರು ಟೀಚರಮ್ಮ. "ಪಾಠ ಇನ್ನೂ ಮುಗಿದಿಲ್ಲ. ನನ್ನನ್ನ ಎಲ್ಲರಿಗಿಂತ ದಪ್ಪ ಅಂದ್ರಲ್ಲ, ಈ ಕೋಣೇಲಿರೋ ಎಲ್ಲರನ್ನೂ ಅಳೆದಿದ್ದೀರಾ?"

"ಎಲ್ಲರದ್ದೂ ಇದೆ. ನೋಡಿ, ಅಂಚೆಯವರದ್ದೂ..."

"ನಿಮ್ಮದು?"

ಹಾಳೆ ಮಗುಚಿದೆ. ಇರಲಿಲ್ಲ. ನನ್ನ ಬಟ್ಟೆಗೆ ನಾನು ಯಾವತ್ತೂ ಟೇಪು ಹಿಡಿದವಳಲ್ಲ. ಹಳೆಯ ಅಂಗಿಯನ್ನು ಹೊಸ ಬಟ್ಟೆಯ ಮೇಲೆ ಹಾಸಿ, ಸುತ್ತ "ಸ್ವಲ್ಪ" ಬಿಟ್ಟು ಕತ್ತರಿಸುವುದು ರೂಢಿ. ಆ ಸ್ವಲ್ಪ ಅಂಗಿಯಿಂದ ಅಂಗಿಗೆ ಕೂಡುತ್ತಾ ಬಂದಿತ್ತೆಂದು ಯಾರಿಗೆ ಗೊತ್ತು?

ಬೇಕರಿಯವರು ನನ್ನ ಎರಡೂ ಕೈ ಎತ್ತಿ ಹಿಡಿದರು. ನರ್ಸಮ್ಮ ಟೇಪು ಸುತ್ತಿದರು. ಅದು ನರ್ಸಮ್ಮನನ್ನು ದಾಟಿತು, ಬೇಕರಿಯನ್ನು ದಾಟಿತು, ಟೀಚರಮ್ಮನನ್ನೂ ದಾಟಿ ಮೂರೂವರೆ ಇಂಚು ಆಚೆ ಹೋಗಿ ದಣಿದು ನಿಂತಿತು.

"ಈಗ ವಾಕ್ಯ," ಎಂದರು ಟೀಚರಮ್ಮ.

"ಐ ಆಮ್ ದ ಫ್ಯಾಟೆಸ್ಟ್."

"ಕೇಳಿಸ್ಲಿಲ್ಲ," ಎಂದರು ಬೇಕರಿಯವರು.

ಇನ್ನೊಮ್ಮೆ ಹೇಳಿದೆ, ಬೀದಿಗೆ ಕೇಳುವಂತೆ. ನರ್ಸಮ್ಮ ಆ ಅಂಕಿಯನ್ನು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಮಡಿಸಿ ತಮ್ಮ ಪರ್ಸಿನಲ್ಲಿಟ್ಟುಕೊಂಡರು. ಆಮೇಲೆ ಕುರ್ಚಿಯ ಕೆಳಗಿನಿಂದ ಒಂದೇ ತೋಳಿನ ಕೋಟು ತೆಗೆದು ನನ್ನ ಮಡಿಲಿಗೆ ಹಾಕಿದರು.

"ಹಿಡೀರಿ, ಇನ್ನೊಂದು ತೋಳು ಹಚ್ಚಿ. ನಿಮ್ಮ ಅಳತೆ ನಮ್ಮ ಹತ್ರ ಇರೋವರೆಗೂ ನಮ್ಮದು ನಿಮ್ಮ ಹತ್ರ ಭದ್ರ."