ಹದಿನಾರು ಮೀಟರಿನ ಸಾಹಸ

ದೃಷ್ಟಿಹೀನರ ಸಹಾಯ ಸಂಘದ ಧ್ವನಿಮುದ್ರಣ ಯಂತ್ರವು ಕೆಟ್ಟು ನಿಂತು ಹನ್ನೊಂದು ತಿಂಗಳಾಗಿತ್ತು. ಕೆಟ್ಟದ್ದು ಯಂತ್ರ ಮಾತ್ರ. ಅದರ ಮೇಲಿನ ಹೊದಿಕೆಯನ್ನು ಪ್ರತಿ ಸೋಮವಾರ ತಪ್ಪದೆ ಒಗೆದು ಹಾಕಲಾಗುತ್ತಿತ್ತು.

ಕಾದಂಬರಿಗಳನ್ನು ಓದಿ, ಧ್ವನಿಮುದ್ರಿಸಿ, ಕಣ್ಣು ಕಾಣದವರಿಗೆ ಕೇಳಿಸುವುದು ಸಂಘದ ಮುಖ್ಯ ಕೆಲಸ. ಯಂತ್ರ ಕೆಟ್ಟ ದಿನ ಒಂದು ಪತ್ತೇದಾರಿ ಕಾದಂಬರಿ ಹತ್ತೊಂಬತ್ತನೇ ಅಧ್ಯಾಯದಲ್ಲಿತ್ತು. ಜಾಮ್ ಕಾರ್ಖಾನೆಯ ಮಾಲೀಕನ ಕೊಲೆಯಾಗಿತ್ತು. ಪತ್ತೇದಾರ ಎಲ್ಲರನ್ನೂ ಸೇರಿಸಿ, "ಕೊಲೆಗಾರ ಈ ಕೋಣೆಯಲ್ಲೇ ಇದ್ದಾನೆ" ಎಂದ. ಅಷ್ಟಕ್ಕೆ ಯಂತ್ರ ಗೊರಗೊರ ಎಂದು ನಿಂತಿತು.

ಇದರಿಂದ ಎಲ್ಲರಿಗಿಂತ ಹೆಚ್ಚು ತೊಂದರೆಯಾದದ್ದು ಹಲೋ ಮಾವನಿಗೆ. ಅವನು ಸಂಘದ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣು ಕಾಣದು. ಇಪ್ಪತ್ತೆರಡು ವರ್ಷ ಫೋನಿಗೆ ಹಲೋ ಎಂದದ್ದರಿಂದ ಆ ಹೆಸರು. ಅವನು ನಿಜವಾಗಿ ಯಾರ ಮಾವನೂ ಅಲ್ಲ. ಅವನ ಅನುಮಾನವೆಲ್ಲ ಕಥೆಯೊಳಗಿನ ದಂತವೈದ್ಯನ ಮೇಲಿತ್ತು. ಆ ಕಾರಣಕ್ಕೆ ತನ್ನ ಹುಳುಕು ಹಲ್ಲನ್ನು ಹನ್ನೊಂದು ತಿಂಗಳಿನಿಂದ ಯಾವ ವೈದ್ಯರಿಗೂ ತೋರಿಸದೆ, ಒಂದೇ ಕಡೆಯಲ್ಲಿ ಅಗಿಯುತ್ತಿದ್ದ.

ಬೇರೆ ಯಾರಾದರೂ ಓದಿ ಹೇಳಬಹುದಿತ್ತಲ್ಲ ಎಂದು ಅನ್ನಿಸಬಹುದು. ಹೇಳಬಹುದಿತ್ತು, ಆದರೆ ನಿಯಮವಿತ್ತು: ಸಂಘದ ಪುಸ್ತಕವನ್ನು ಅಧಿಕೃತ ಧ್ವನಿಯೊಂದೇ ಓದತಕ್ಕದ್ದು. ಅಧಿಕೃತ ಧ್ವನಿ ಕಾರ್ಯದರ್ಶಿಗಳದ್ದು. ನಿಯಮ ಬರೆದವರೂ ಅವರೇ. ಬೇರೆಲ್ಲೂ ಸಿಗದ ಆ ಪುಸ್ತಕದ ಒಂದೇ ಒಂದು ಪ್ರತಿ ಗುಮಾಸ್ತೆ ಅಕ್ಕನ ಬೀರುವಿನಲ್ಲಿ ಬೀಗದೊಳಗಿತ್ತು.

"ಸಾರ್, ಇನ್ನು ಐದೇ ಅಧ್ಯಾಯ. ಹಾಗೇ ಬಾಯಲ್ಲಿ ಓದ್ಬಿಡಿ" ಎಂದು ಹಲೋ ಮಾವ ಗೋಗರೆದಿದ್ದ.

"ಯಂತ್ರ ಇಲ್ದೆ ಓದಿದ್ರೆ ಅದು ಓದು ಅಲ್ಲಪ್ಪ, ಹರಟೆ. ಕಚೇರಿ ವೇಳೇಲಿ ಹರಟೆ ಹೊಡೆಯೋಕಾಗುತ್ತಾ?" ಎಂದಿದ್ದರು ಕಾರ್ಯದರ್ಶಿಗಳು.

ಹೀಗಾಗಿ ಹೊಸ ಯಂತ್ರಕ್ಕೆ ನಿಧಿ ಬೇಕಾಯಿತು. ನಿಧಿಗೆ ಸಾಹಸ ಬೇಕಾಯಿತು. ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು:

"ಸಂಘದ ಏಳು ಮಹಡಿಯ ಕಟ್ಟಡದ ತಾರಸಿಯಿಂದ ಸಾಹಸಿಯೊಬ್ಬರು ಹಗ್ಗ ಹಿಡಿದು ಇಳಿಯಲಿದ್ದಾರೆ. ಇಳಿಯುವಾಗ ಕಣ್ಣಿಗೆ ಬಟ್ಟೆ ಕಟ್ಟಿರತಕ್ಕದ್ದು. ದಾನಿಗಳು ಮೇಲೆ ನೋಡುತ್ತಾ ಉದಾರವಾಗಿ ಕೊಡತಕ್ಕದ್ದು."

ಮೊದಲು ಹೆಸರು ಕೊಟ್ಟವನು ಹಲೋ ಮಾವ. "ನಾನು ಇಳೀತೀನಿ ಅಕ್ಕಾ. ಬಟ್ಟೆ ಖರ್ಚೂ ಉಳಿಯುತ್ತೆ."

ಗುಮಾಸ್ತೆ ಅಕ್ಕ ಅರ್ಜಿ ನಮೂನೆ ಓದಿದಳು. "ಕಲಂ ನಾಲ್ಕು. ಸಾಹಸಿಯ ಎರಡೂ ಕಣ್ಣು ಚೆನ್ನಾಗಿ ಕಾಣತಕ್ಕದ್ದು."

"ಹೇಗೂ ಬಟ್ಟೆ ಕಟ್ತೀರಲ್ಲ?"

"ಕಟ್ಟೋಕೆ ಮುಂಚೆ ಕಾಣ್ಬೇಕು ಮಾವ. ಕಾಣದೇ ಇರೋ ಕಣ್ಣಿಗೆ ಬಟ್ಟೆ ಕಟ್ಟಿದ್ರೆ ದಾನಿಗಳಿಗೆ ಮೋಸ ಮಾಡ್ದಂಗೆ."

ಎಲ್ಲರಿಗೂ ಇದು ಸರಿಯೆನಿಸಿತು. ಎರಡೂ ಕಣ್ಣು ಚೆನ್ನಾಗಿದ್ದ ಕಾರ್ಯದರ್ಶಿಗಳು, ಪತ್ರಿಕೆಯವರು ಬರುವರೆಂದು ತಿಳಿದ ಮೇಲೆ, ತಾವೇ ಇಳಿಯಲು ಒಪ್ಪಿದರು.

ಹಗ್ಗದ ವಿಷಯವನ್ನು ಇಲ್ಲೇ ಹೇಳಬೇಕು. ಕಟ್ಟಡದ ಎತ್ತರ ಇಪ್ಪತ್ತೆಂಟು ಮೀಟರು. ಹದಿನಾರು ಮೀಟರಿನವರೆಗೆ ಹಗ್ಗವನ್ನು ಗುಮಾಸ್ತೆ ಅಕ್ಕನೇ ಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ ಮೂರು ಅಂಗಡಿಗಳಿಂದ ದರಪಟ್ಟಿ ತರಿಸಬೇಕು. ಆದ್ದರಿಂದ ಹದಿನಾರು ಮೀಟರು ಕೂಡಲೇ ಕೊಂಡು, ಉಳಿದ ಹನ್ನೆರಡು ಮೀಟರಿಗೆ ಕಡತ ಮಂಡಿಸಲಾಯಿತು. ಕಡತದ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಅದು ಚಲಿಸುತ್ತಿತ್ತು.

ನಿಗದಿತ ದಿನ ಬೆಳಿಗ್ಗೆ ಹತ್ತೂವರೆಗೆ ಕಾರ್ಯದರ್ಶಿಗಳು ಸೊಂಟಕ್ಕೂ ಹಗ್ಗ ಬಿಗಿದುಕೊಂಡು ಇಳಿಯತೊಡಗಿದರು. ಹದಿನಾರು ಮೀಟರು ಬಹಳ ಚೆನ್ನಾಗಿ ಇಳಿದರು. ಆಮೇಲೆ ಹಗ್ಗ ಮುಗಿಯಿತು. ಕೆಳಗೆ ದಾನಿಗಳು ಚಪ್ಪಾಳೆ ತಟ್ಟಿ, ಹಣ ಕೊಟ್ಟು, ರಸೀದಿ ಪಡೆದು ಮನೆಗೆ ಹೋದರು. ಕಾರ್ಯದರ್ಶಿಗಳು ಮೂರನೇ ಮಹಡಿಯ ಕಿಟಕಿಯಾಚೆ ನೇತಾಡುತ್ತಿದ್ದರು. ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಒಳಗೆ ಹಲೋ ಮಾವನ ಮೇಜಿತ್ತು.

"ಯಾರದು, ಹೊರಗಡೆ ಏದುಸಿರು ಬಿಡ್ತಿರೋದು?"

"ನಾನು ಕಣಯ್ಯ! ಮೇಲಕ್ಕೆ ಎಳೆಯೋಕೆ ಹೇಳು!"

ಹಲೋ ಮಾವ ತಾರಸಿಗೆ ಫೋನ್ ಮಾಡಿದ. ಹಗ್ಗ ಹಿಡಿದಿದ್ದ ಗುತ್ತಿಗೆದಾರ, "ನನ್ನ ಆರ್ಡರಲ್ಲಿ ಇಳಿಸೋದು ಅಂತಷ್ಟೇ ಇದೆ. ಎತ್ತೋದು ಬೇರೆ ಕೆಲಸ, ಬೇರೆ ಆರ್ಡರ್" ಎಂದು ಹಗ್ಗವನ್ನು ಭದ್ರವಾಗಿ ಕಂಬಕ್ಕೆ ಕಟ್ಟಿ ಕುಳಿತ.

ಗುಮಾಸ್ತೆ ಅಕ್ಕ ಕೂಡಲೇ ಎತ್ತುವ ಆದೇಶ ಬರೆದು ತಂದಳು. "ರುಜು ಹಾಕ್ಬೇಕಾದವರು ನೀವೇ ಸಾರ್. ಆದ್ರೆ ಸಾಹಸಕ್ಕೆ ಅಂತ ಎರಡು ಗಂಟೆವರೆಗೆ ರಜೆ ಹಾಕಿದ್ದೀರಿ. ರಜೇಲಿರೋರ ರುಜು ನಡೆಯಲ್ಲ."

"ಯಾವ ಕತ್ತೆ ಮಾಡಿದ್ದು ಆ ನಿಯಮ?"

ಅಕ್ಕ ನಿಯಮಾವಳಿ ತಿರುವಿ ನೋಡಿದಳು. "ನೀವೇ ಸಾರ್."

ಹಲೋ ಮಾವ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಸಾರ್, ಎರಡು ಗಂಟೆವರೆಗೆ ನಿಮಗೆ ಕಚೇರಿ ವೇಳೆ ಇಲ್ಲ ಅಂತಾಯ್ತು."

"ಅಂತಾಯ್ತು. ಏನೀಗ?"

"ಹರಟೆ ಹೊಡೀಬಹುದು."

ಪುಸ್ತಕವನ್ನು ಸರಳುಗಳ ನಡುವೆ ತೂರಿಸಿ ಕೊಡಲಾಯಿತು. ಕಣ್ಣಿನ ಬಟ್ಟೆ ಸರಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಪ್ರಕಟಣೆಯಲ್ಲಿ ಇಳಿಯುವಾಗ ಎಂದಿತ್ತು, ನೇತಾಡುವಾಗ ಎಂದಿರಲಿಲ್ಲ. ಆದ್ದರಿಂದ ಹಣೆಯವರೆಗೆ ಸರಿಸಲಾಯಿತು. ಕಾರ್ಯದರ್ಶಿಗಳು ಗೊಣಗುತ್ತಲೇ ಶುರುಮಾಡಿದರು. ನಡುವೆ ಫೋನ್ ಬಂದಾಗಲೆಲ್ಲ ಹಲೋ ಮಾವ, "ಸಾಹೇಬರು ಹೊರಗಡೆ ಇದ್ದಾರೆ" ಎಂದು ಸತ್ಯವನ್ನೇ ಹೇಳಿ ಇಡುತ್ತಿದ್ದ.

ಪತ್ತೇದಾರ ಹೆಸರು ಹೇಳದೆ ನಾಲ್ಕೂಮುಕ್ಕಾಲು ಅಧ್ಯಾಯ ಕೋಣೆಯಲ್ಲಿ ಓಡಾಡಿದ. ಎರಡು ಗಂಟೆ ಹೊಡೆಯಿತು. ಗುಮಾಸ್ತೆ ಅಕ್ಕ ಆದೇಶ ಮತ್ತು ಪೆನ್ನು ಹಿಡಿದು ಬಂದಳು.

"ಸಾರ್, ರುಜು."

"ತಡಿಯಮ್ಮ, ಒಂದೂವರೆ ಪುಟ ಇದೆ!" ಎಂದು ಕಾರ್ಯದರ್ಶಿಗಳು ಗದರಿದರು. ಅವರೂ ಈ ಭಾಗ ಓದಿದ್ದು ಇದೇ ಮೊದಲು.

ಕೊನೆಯ ಸಾಲು ಬಂತು. "ಕೊಂದವನು ದಂತವೈದ್ಯನಲ್ಲ. ಕೊಂದವನು ಕಾರ್ಖಾನೆಯ ಕಾರ್ಯದರ್ಶಿ."

ಹಗ್ಗ ಒಮ್ಮೆ ಕಿರ್ರೆಂದಿತು.

"ಅಚ್ಚಿನ ತಪ್ಪಿರ್ಬೇಕು" ಎಂದು ಕಾರ್ಯದರ್ಶಿಗಳು ರುಜು ಹಾಕಿದರು. ಅವರನ್ನು ಮೇಲೆತ್ತುತ್ತಿರುವಾಗ ಹಲೋ ಮಾವ ರಿಸೀವರ್ ಎತ್ತಿ ಹಲ್ಲಿನ ಡಾಕ್ಟರ ನಂಬರು ತಿರುಗಿಸಿದ.

ಮುಂದಿನ ಸಭೆಯಲ್ಲಿ ಆದ ನಿರ್ಣಯ ಹೀಗಿದೆ: "ಯಂತ್ರವಿಲ್ಲದೆಯೇ ಕಾದಂಬರಿ ಮುಗಿದಿರುವುದರಿಂದ ಹೊಸ ಯಂತ್ರ ಅನಗತ್ಯ. ಸಂಗ್ರಹವಾದ ನಿಧಿಯಿಂದ ತಾರಸಿಗೆ ಶಾಶ್ವತ ಕೊಕ್ಕೆ ಹಾಕಿಸತಕ್ಕದ್ದು. ಪ್ರತಿ ಗುರುವಾರ ಹತ್ತೂವರೆಯಿಂದ ಎರಡರವರೆಗೆ ಅಧಿಕೃತ ಧ್ವನಿಯನ್ನು ಮೂರನೇ ಮಹಡಿಗೆ ನೇತುಹಾಕತಕ್ಕದ್ದು." ಕಾರ್ಯದರ್ಶಿಗಳು ಕೇಳಿದ್ದು ಒಂದು ದಿಂಬು ಮಾತ್ರ, ಅದನ್ನು ಮಂಜೂರು ಮಾಡಲಾಯಿತು. ಹನ್ನೆರಡು ಮೀಟರು ಹಗ್ಗದ ಕಡತವೂ ಮೂರು ದರಪಟ್ಟಿಗಳೊಡನೆ ಅಂದೇ ಸಭೆಗೆ ಬಂದು ತಲುಪಿತು. "ಹಗ್ಗ ನೆಲ ಮುಟ್ಟಿದರೆ ಓದು ಅರ್ಧಕ್ಕೆ ನಿಲ್ಲುವ ಸಂಭವವಿದೆ" ಎಂದು ಷರಾ ಬರೆದು ಅದನ್ನು ಮುಕ್ತಾಯಗೊಳಿಸಲಾಯಿತು.

ಗುರುವಾರ ಕಿಟಕಿಯ ಬಳಿ ಬೆಂಚುಗಳು ತುಂಬಿದ್ದವು. ಹಲೋ ಮಾವ ಎರಡೂ ಕಡೆ ಅಗಿಯುತ್ತಾ, ಹೊಸ ಪುಸ್ತಕವನ್ನು ಅಂಗೈಯಲ್ಲಿ ತೂಗಿ ನೋಡಿದ.

"ಇದಕ್ಕಿಂತ ದಪ್ಪದ್ದು ಇಲ್ವಾ ಅಕ್ಕಾ?"

ಹೊರಗೆ ಹಗ್ಗ ಕಿರ್ರೆಂದಿತು.